‘ಅನ್‌ರಿಡೀಮ್ಡ್’ ಮರಕ್ಕೆ ಕನ್ನಡದಲ್ಲಿ ಏನೆನ್ನಬೇಕು?

ಬಳಗದ ಎಲ್ಲರಿಗೂ ವಿರಾಜಪೇಟೆಯಿಂದ ನಮಸ್ಕಾರ.

ನಮ್ಮ ಒಕ್ಕದ, ಅಂದರೆ ಕೊಡವ ಮನೆತನದ, ಜಮೀನಿನ ಹಳೆಯ ಕಾಗದಪತ್ರಗಳ ಸಾರವನ್ನು ಮನೆಯ ಕಿರಿಯರಿಗೆಂದು ಕನ್ನಡದಲ್ಲಿ ಬರೆದಿಡುತ್ತಿದ್ದೇನೆ. ಆ ಕೆಲಸ ಒಂದು ಪದದ ಬಳಿ ಬಂದು ನಿಂತಿದೆ. ಕೊಡಗಿನ ಕಾಫಿ ತೋಟಗಳಲ್ಲಿ ‘ರಿಡೀಮ್ಡ್’, ‘ಅನ್‌ರಿಡೀಮ್ಡ್’ ಎಂಬ ಮಾತುಗಳು ಎಲ್ಲರ ಬಾಯಲ್ಲೂ ಇವೆ. ಮರಗಳ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ಅವುಗಳ ಮೇಲಿನ ಹಕ್ಕನ್ನು ಪಡೆದುಕೊಂಡಿರುವ ಜಮೀನು ರಿಡೀಮ್ಡ್. ಆ ಬೆಲೆ ಕಟ್ಟಿರದ ಕಾರಣ, ಕಾಫಿ, ಮೆಣಸು ಹಿಡುವಳಿದಾರರದ್ದಾದರೂ ಮರ ಮಾತ್ರ ಸರ್ಕಾರದ್ದಾಗಿಯೇ ಉಳಿದಿರುವುದು ಅನ್‌ರಿಡೀಮ್ಡ್. ಒಂದು ಕಕ್ಕಡ ತಿಂಗಳ (ನಡು ಮಳೆಗಾಲದ) ಗಾಳಿಮಳೆಗೆ ನಮ್ಮ ತೋಟದ ಬೀಟೆಮರ ಕಾಫಿ ಗಿಡಗಳ ಮೇಲೆ ಉರುಳಿತು. ಮುರಿದ ಗಿಡಗಳು ನಮ್ಮವು, ಬಿದ್ದ ಮರ ನಮ್ಮದಲ್ಲ ಎಂಬುದನ್ನು ಮೊಮ್ಮಗಳಿಗೆ ತಿಳಿಯುವಂತೆ ಹೇಳಲು ಆ ದಿನ ನನಗೆ ಕನ್ನಡ ಪದ ಸಿಗಲಿಲ್ಲ.

ಮೊದಲು ಹೊಳೆದದ್ದು ‘ಬಿಡಿಸಿಕೊಂಡ’ ಎಂಬುದು. ಅಡವಿಟ್ಟ ಒಡವೆಯನ್ನು ನಾವು ಬಿಡಿಸಿಕೊಳ್ಳುತ್ತೇವೆ. ಆದರೆ ಒಡವೆ ಅಡವಿಡುವ ಮೊದಲೂ ನಮ್ಮದೇ. ಸರ್ಕಾರದ ಲೆಕ್ಕದಲ್ಲಿ ಈ ಮರ ಎಂದೂ ನಮ್ಮದಾಗಿರಲಿಲ್ಲ. ಹಾಗಾಗಿ ಆ ಪದವನ್ನು ಬಳಸಿದೊಡನೆ ಮರ ಮೂಲತಃ ಯಾರದೆಂಬ ವ್ಯಾಜ್ಯದಲ್ಲಿ ಒಂದು ಪಕ್ಷವನ್ನು ಹಿಡಿದಂತಾಗುತ್ತದೆ. ‘ವಿಮೋಚಿತ’ಕ್ಕೂ ಅದೇ ತೊಡಕಿದೆ, ಸಾಲದ್ದಕ್ಕೆ ಅದು ತೋಟದ ಮಾತಲ್ಲ. ‘ಮರಬೆಲೆ ಸಂದ ಜಮೀನು’ ಕೇಳಲು ಚೆನ್ನ, ಆದರೆ ಅದರ ವಿರುದ್ಧಪದವಾದ ‘ಸಲ್ಲದ’ ಎಂಬುದಕ್ಕೆ ‘ತಕ್ಕದ್ದಲ್ಲದ’ ಎಂಬ ಅರ್ಥವೂ ಇರುವುದರಿಂದ ಓದುಗರು ತಪ್ಪು ತಿಳಿಯಬಹುದು. ಕಂದಾಯ ಕಟ್ಟುವುದು ಎಲ್ಲರಿಗೂ ಗೊತ್ತಿರುವ ಕಾರಣ, ‘ಮರಬೆಲೆ ಕಟ್ಟಿದ’, ‘ಮರಬೆಲೆ ಕಟ್ಟದ’ ಎನ್ನುವುದೇ ಸರಿಯೆಂದು ಸದ್ಯಕ್ಕೆ ನನಗೆ ತೋರುತ್ತಿದೆ.

ಇದರ ಹಿಂದೆ ಇನ್ನೂ ದೊಡ್ಡ ತೊಡಕಿದೆ, ಅದು ಬಾಣೆ ಜಮೀನಿನ ಮೇಲೆ ನಮಗಿರುವುದನ್ನು ಏನೆನ್ನಬೇಕೆಂಬುದು. ಬಾಣೆಯೆಂದರೆ ಗದ್ದೆಗೆ ಹೊಂದಿಕೊಂಡಂತೆ ಸೊಪ್ಪು, ಸೌದೆ, ಮೇವಿಗಾಗಿ ಬಿಟ್ಟ ಕಾಡುನೆಲ. 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 79ನೇ ಪ್ರಕರಣ ಕೊಡಗಿನ ಬಾಣೆ, ಅದರಂಥವೇ ಆದ ದಕ್ಷಿಣ ಕನ್ನಡದ ಕುಮ್ಕಿ, ಉತ್ತರ ಕನ್ನಡದ ಬೆಟ್ಟ, ಮಲೆನಾಡಿನ ಕಾನು, ಸೊಪ್ಪಿನಬೆಟ್ಟಗಳನ್ನು ಒಂದೇ ಸಾಲಿನಲ್ಲಿ ಹೆಸರಿಸುತ್ತದೆ. ಅಲ್ಲಿ ಅನುಭೋಗಿಸುವವರಿಗೆ ಇರುವುದನ್ನು ಇಂಗ್ಲಿಷ್ ಪಾಠ ‘ರೈಟ್’ ಎನ್ನದೆ ‘ಪ್ರಿವಿಲೇಜ್’ ಎನ್ನುತ್ತದೆ. ಬಾಣೆಯಲ್ಲಿರುವುದು ಪೂರ್ಣ ಒಡೆತನವಲ್ಲ, ಸೀಮಿತ ಸವಲತ್ತು ಎಂದು 1993ರಲ್ಲಿ ಹೈಕೋರ್ಟಿನ ಪೂರ್ಣಪೀಠ ಹೇಳಿದ್ದೂ, ಒಡೆತನವನ್ನು ಒಪ್ಪಲೆಂದು 2011ರ ತಿದ್ದುಪಡಿ ಬಂದದ್ದೂ ಈ ಎರಡು ಪದಗಳ ನಡುವಿನ ಅಂತರದ ಮೇಲೆಯೇ. ನಮ್ಮ ಮಾತಿನಲ್ಲಾದರೋ ಎರಡೂ ‘ಹಕ್ಕು’. ‘ಸವಲತ್ತು’ ಎಂದರೆ ಕೊಟ್ಟವರು ಬೇಕೆಂದಾಗ ಹಿಂದಕ್ಕೆ ಪಡೆಯಬಹುದಾದ ಅನುಕೂಲವೆಂಬ ಧ್ವನಿ ಬರುತ್ತದೆ. ‘ಜನ್ಮ’ ಎಂಬ ಪದದಿಂದಲೇ ಬಂದ ‘ಜಮ್ಮ’ ಎಂಬ ಹೆಸರಿನಲ್ಲಿ ತಲೆಮಾರುಗಳಿಂದ ನೆಲ ಹಿಡಿದುಕೊಂಡು ಬಂದವರ ಕಿವಿಗೆ ಅದು ನೋವಿನ ಮಾತು. ನಾನು ‘ಬಳಕೆಯ ಹಕ್ಕು’ ಎಂದು ಬರೆದಿದ್ದೇನೆ, ಆದರೆ ಅದು ಕಾಯಿದೆ ಹೇಳುವುದಕ್ಕಿಂತ ಹೆಚ್ಚನ್ನು ಹೇಳಿಬಿಡುತ್ತದೆಯೋ ಎಂಬ ಅಳುಕಿದೆ.

ಪುತ್ತೂರು, ಸುಳ್ಯದ ಕಡೆಯವರು ಕುಮ್ಕಿಯ ಬಗ್ಗೆಯೂ, ಶಿರಸಿ, ಸಿದ್ದಾಪುರದವರು ಬೆಟ್ಟದ ಬಗ್ಗೆಯೂ ತಮ್ಮ ಮನೆಯ ಹಳೆಯ ಪತ್ರಗಳಲ್ಲಿ ಈ ‘ಪ್ರಿವಿಲೇಜ್’ಗೆ ಯಾವ ಪದವಿದೆಯೆಂದು ನೋಡಿ, ಸಾಧ್ಯವಾದರೆ ಆ ವಾಕ್ಯವನ್ನು ಇದ್ದ ಹಾಗೆಯೇ ಬರೆದು ತಿಳಿಸಬೇಕಾಗಿ ಕೋರುತ್ತೇನೆ.