ಬಾಕ್ಸ್ ಮೇಲಿನ ಡ್ರ್ಯಾಗನ್

‘ಅಗ್ರಹಾರದ ಮನೆಯವರು’ ಗುಂಪು

ಕಾರ್ತಿಕ್: (ಫೋಟೊ)

ಕಾರ್ತಿಕ್: ಎಡಗಡೆ ಇರೋದು 1980ರಲ್ಲಿ ಅಮೆರಿಕದ ಅಟಾರಿ ಕಂಪನಿ ತಂದ ‘ಅಡ್ವೆಂಚರ್’ ವಿಡಿಯೊ ಗೇಮಿನ ಬಾಕ್ಸು. ಕೋಟೆ, ಡ್ರ್ಯಾಗನ್, ಏನು ವೈಭವ! ಬಲಗಡೆ ಅದೇ ಆಟ ಟಿವಿಯಲ್ಲಿ. ಡ್ರ್ಯಾಗನ್ ನೋಡಿದ್ರೆ ಬಾತುಕೋಳಿ, ಹೀರೊ ಒಂದು ಚೌಕ ಚುಕ್ಕಿ. ಹಾಡಹಗಲೇ ಟೋಪಿ ಹಾಕೋದು ಅಂದ್ರೆ ಇದೇ.

ಗಿರೀಶ ಭಾವ: ಗ್ರಾಹಕರ ವೇದಿಕೆಗೆ ಹಾಕಪ್ಪ, ಫೀಸಿಲ್ಲದೆ ವಾದ ಮಾಡ್ತೀನಿ.

ಪ್ರಕಾಶ ಚಿಕ್ಕಪ್ಪ: ಟೋಪಿ ಅಲ್ಲ ಕಣೋ. ಆ ಬಾಕ್ಸ್ ಚಿತ್ರ ಬರೆದಾಕೆ ಸೂಸನ್ ಜೇಕಲ್. ಝೂಮ್ ಮಾಡಿ ನೋಡು. ಇದು ಕೈಯಲ್ಲಿ ಬರೆದ ಚಿತ್ರ, ಟಿವಿ ಪರದೆ ಅಲ್ಲ ಅಂತ ಚಿಕ್ಕ ಮಗೂಗೂ ಗೊತ್ತಾಗುತ್ತೆ. ನಾನು ಕಾದಂಬರಿಗಳಿಗೆ ಮುಖಪುಟ ಬರೆದು ಹೊಟ್ಟೆ ಹೊರೆದವನು. ಒಳಗೆ ಬರೀ ಅಕ್ಷರ ಇದೆ, ಹೊರಗೆ ಯಾಕೆ ಹುಡುಗಿ ಚಿತ್ರ ಅಂತ ಒಬ್ಬ ಓದುಗನೂ ಕೇಳಲಿಲ್ಲ.

ಶೈಲಜಾ ದೊಡ್ಡಮ್ಮ: ಎಲ್ಲರಿಗೂ ಶುಭೋದಯ. ಭಾನುವಾರದ ಪೂಜೆಗೆ ಎಷ್ಟು ಎಲೆ ಅಂತ ಅಡುಗೆ ಭಟ್ಟರಿಗೆ ಹೇಳಬೇಕು.

ಸುಮಾ ಅತ್ತೆ: ನಾವು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ಗೆ ಬಂದಾಗ ಅಟಾರಿ ಆಫೀಸು ಇದೇ ಊರಲ್ಲಿತ್ತು. ನಮ್ಮ ಮಕ್ಕಳು ಆಡೋಕೆ ಮುಂಚೆ ಬಾಕ್ಸ್ ಹಿಡ್ಕೊಂಡು ಕೂತಿರೋವು. ಆ ಚಿತ್ರಕಾರರೇನು ಸಾಮಾನ್ಯರಾ? ಇಲ್ಲೇ ಪಕ್ಕದ ನಾಸಾ ಏಮ್ಸ್ ಸಂಶೋಧನಾ ಕೇಂದ್ರಕ್ಕೆ 70ರ ದಶಕದಲ್ಲಿ ಬಾಹ್ಯಾಕಾಶದ ಊರುಗಳ ಚಿತ್ರ ಬರೆದ ರಿಕ್ ಗೈಡಿಸ್, ಅಟಾರಿ ಬಾಕ್ಸ್‌ಗೂ ಬರೆದಿದ್ದಾರೆ.

ಕಾರ್ತಿಕ್: ಚಿತ್ರ ಚೆನ್ನಾಗಿಲ್ಲ ಅಂದ್ನಾ ಅತ್ತೆ? ಚಿತ್ರ ಅಷ್ಟು ಚೆನ್ನಾಗಿರೋದೇ ಮೋಸ ಅಂತಿದೀನಿ.

ನಿತ್ಯಾ: ಕಾರ್ತಿ, ಟಿವಿಗೆ ಹಾಕಿ ಆಡೋ ಆ ಅಟಾರಿ ಮೆಷಿನ್‌ಗೆ ಇದ್ದ ಮೆಮೊರಿ 128 ಬೈಟ್. ಕನ್ನಡದಲ್ಲಿ ಒಂದೊಂದು ಅಕ್ಷರ ಕಮ್ಮಿ ಅಂದ್ರೂ 3 ಬೈಟ್ ತಿನ್ನುತ್ತೆ. ದೊಡ್ಡಮ್ಮನ ಈ ಮೆಸೇಜೇ ಅದರಲ್ಲಿ ಹಿಡಿಯಲ್ಲ. ಇಡೀ ಆಟ 4 ಕೆಬಿ. ನಿನ್ನ ಚೌಕ ಹೀರೊ ಇದಾನಲ್ಲ, ಅದು ಆ ಚಿಪ್‌ನಲ್ಲಿ ಚೆಂಡು ತೋರಿಸೋಕೆ ಅಂತ ಇಟ್ಟಿದ್ದ ಚುಕ್ಕಿ. ಈ ಆಟದ ಪ್ರೋಗ್ರಾಮರ್ ವಾರನ್ ರಾಬಿನೆಟ್ ಅದನ್ನೇ ಮನುಷ್ಯ ಮಾಡಿದ್ದು.

ನಿತ್ಯಾ: ನಿಜವಾದ ಅನ್ಯಾಯ ಬೇಕಾದ್ರೆ ಕೇಳು. ಅಟಾರಿ ಪ್ರೋಗ್ರಾಮರ್‌ಗಳ ಹೆಸರು ಎಲ್ಲೂ ಹಾಕ್ತಿರಲಿಲ್ಲ. ಅದಕ್ಕೆ ರಾಬಿನೆಟ್ ತನ್ನ ಹೆಸರನ್ನ ಆಟದೊಳಗೆ ಒಂದು ಗುಪ್ತ ಕೋಣೇಲಿ ಬಚ್ಚಿಟ್ಟ. ಅದೇ ಸಿಟ್ಟಲ್ಲಿ ನಾಲ್ಕು ಜನ ಹೊರಗೆ ಬಂದು 1979ರಲ್ಲಿ ಆಕ್ಟಿವಿಷನ್ ಅನ್ನೋ ಗೇಮ್ ಕಂಪನಿ ಶುರು ಮಾಡಿದ್ರು. ಅವರ ಬಾಕ್ಸ್ ಮೇಲೆ ಆಟದೊಳಗಿನ ಆಕಾರಗಳನ್ನೇ ಅಂದಗೊಳಿಸಿ ಹಾಕಿದ್ರು, ಮ್ಯಾನುಯಲ್‌ನಲ್ಲಿ ಆಟ ಮಾಡಿದವರ ಫೋಟೊ.

ಕಾರ್ತಿಕ್: ನೋಡಿ! ಪ್ರಾಮಾಣಿಕ ಬಾಕ್ಸ್ ಮಾಡೋಕಾಗ್ತಿತ್ತು ಅಂತಾಯ್ತಲ್ಲ. ಜಪಾನಿನ ನಿಂಟೆಂಡೊ ಗೇಮ್ ಕಂಪನಿ ಕೂಡ 1985ರಲ್ಲಿ ಅಮೆರಿಕಕ್ಕೆ ಬಂದಾಗ ಕಪ್ಪು ಬಾಕ್ಸ್ ಮೇಲೆ ಪರದೆಯ ಚುಕ್ಕಿ ಚುಕ್ಕಿ ಪಿಕ್ಸೆಲ್ಲನ್ನೇ ದೊಡ್ಡದು ಮಾಡಿ ಹಾಕ್ತು.

ಪ್ರಕಾಶ ಚಿಕ್ಕಪ್ಪ: ಆಗ ಪಿಕ್ಸೆಲ್ ತೋರಿಸೋ ಹಾಗಿತ್ತು, ತೋರಿಸಿದ್ರು. 1977ರಲ್ಲಿ ಮೆಷಿನ್ ಜೊತೆಗೇ ಬಂದ ‘ಕಾಂಬ್ಯಾಟ್’ ನೋಡು. ಪರದೆ ಮೇಲೆ ಎರಡು ತುಂಡು ಟ್ಯಾಂಕು, ನಾಲ್ಕು ಗೋಡೆ. ಕ್ಲಿಫ್ ಸ್ಪೋನ್ ಬರೆದ ಬಾಕ್ಸಲ್ಲಿ ಟ್ಯಾಂಕು, ವಿಮಾನ ಎಲ್ಲಾ ಒಂದರೊಳಗೊಂದು ನುಗ್ಗಿ ಬರುತ್ತೆ. ಅದನ್ನ ನೋಡಿದ ಮೇಲೆ ಆ ತುಂಡು ಟ್ಯಾಂಕ್ ಆಗುತ್ತೆ. ಆಟದ ಅರ್ಧ ಕೆಲಸ ಬಾಕ್ಸೇ ಮಾಡ್ತಿತ್ತು.

ಪ್ರಕಾಶ ಚಿಕ್ಕಪ್ಪ: ಸುಳ್ಳು ಹುಡುಕೋದಾದ್ರೆ ಚಿತ್ರದಲ್ಲಿ ಹುಡುಕಬೇಡ, ಅಂಕಿಯಲ್ಲಿ ಹುಡುಕು. ಕಾಂಬ್ಯಾಟ್‌ನಲ್ಲಿ 27 ಆಟ ಅಂತ ಲೆಕ್ಕ ಕೊಟ್ಟಿದ್ರು. ಅದೇ ಟ್ಯಾಂಕು, ಅದೇ ವಿಮಾನ, ನಿಯಮ ಒಂಚೂರು ಆಚೀಚೆ.

ನಿತ್ಯಾ: ಚಿಕ್ಕಪ್ಪ, ಅದೂ ಪೂರ್ತಿ ಸುಳ್ಳಲ್ಲ. ಒಂದರಲ್ಲಿ ಟ್ಯಾಂಕ್ ಕಣ್ಣಿಗೇ ಕಾಣಲ್ಲ, ಇನ್ನೊಂದರಲ್ಲಿ ಗುಂಡು ಗೋಡೆಗೆ ಬಡಿದು ವಾಪಸ್ ಬರುತ್ತೆ. ಆಡೋಕೆ ಬೇರೇನೇ.

ಗಿರೀಶ ಭಾವ: ಅಂಕಿ ಅಂದ್ರೆ ನಮ್ಮ ಕಾಲದ ‘9999 ಇನ್ 1’ ಕ್ಯಾಸೆಟ್ಟು! ಸ್ಟಿಕ್ಕರ್ ಮೇಲೆ ಕಾಂಟ್ರಾ, ಮಾರಿಯೊ. ಹಾಕಿ ನೋಡಿದ್ರೆ ಬೆರಳೆಣಿಕೆಯ ಆಟ, ಮತ್ತೆ ಅವೇ ಕೊನೇವರೆಗೂ. ಅಪ್ಪನ ಹತ್ರ ಅತ್ತು ಕೊಡಿಸಿಕೊಂಡಿದ್ದೆ.

ಪ್ರಕಾಶ ಚಿಕ್ಕಪ್ಪ: ಅದಕ್ಕೆ ಹಾಕಿ ಕೇಸು. ಅದು ಸರಕಿನ ಲೆಕ್ಕದಲ್ಲೇ ಮೋಸ. ಚಿತ್ರ ಯಾವತ್ತೂ ‘ನಾನೇ ಆಟ’ ಅಂದಿರಲಿಲ್ಲ.

ಕಾರ್ತಿಕ್: ದುಡ್ಡು ಕೊಡೋ ಹುಡುಗ ನೋಡ್ತಿದ್ದಿದ್ದು ಚಿತ್ರಾನೇ ಅಲ್ವಾ? ಕೊಳ್ಳೋ ಮುಂಚೆ ಆಡಿ ನೋಡೋಕೆ ಎಷ್ಟು ಜನಕ್ಕೆ ಸಿಗ್ತಿತ್ತು?

ಸುಮಾ ಅತ್ತೆ: ಅದು ಸರಿ. ಅಂಗಡೀಲಿ ನಾವೂ ಚಿತ್ರ ನೋಡೇ ತಗೊಂಡಿದ್ದು.

ಪ್ರಕಾಶ ಚಿಕ್ಕಪ್ಪ: ಹೂಂ, ಆ ಮಾತು ಒಪ್ಪಿದೆ. ಈಗ ನೀನು ಹೇಳಪ್ಪ. ನಿಮ್ಮ ಕಂಪನಿಯ ಮೊಬೈಲ್ ಗೇಮ್ ಆ್ಯಡ್ ನನ್ನ ಫೋನಲ್ಲೂ ಬರುತ್ತೆ. ರಾಜನ್ನ ಬೆಂಕಿಯಿಂದ ಕಾಪಾಡೋ ವಿಡಿಯೊ. ಡೌನ್‌ಲೋಡ್ ಮಾಡಿದ್ರೆ ಒಂದೇ ಬಣ್ಣದ ಮೂರು ಹಣ್ಣು ಜೋಡಿಸು ಅನ್ನುತ್ತೆ. ಅದು ಬರೆದ ಚಿತ್ರ ಅಲ್ಲ, ಆಟ ಆಡ್ತಿರೋ ಹಾಗೇ ತೋರಿಸಿದ ವಿಡಿಯೊ. ರಾಜ ಎಲ್ಲೋ?

ಕಾರ್ತಿಕ್: ಈ ಸಂದೇಶವನ್ನು ಅಳಿಸಲಾಗಿದೆ

ನಿತ್ಯಾ: ಅಳಿಸೋ ಮುಂಚೆ ನಾನು ಓದಿಬಿಟ್ಟೆ. ರಾಜ 40ನೇ ಲೆವೆಲ್‌ನಲ್ಲಿ ಬರ್ತಾನಂತೆ.

ಶೈಲಜಾ ದೊಡ್ಡಮ್ಮ: ಯಾವ ರಾಜ? ಅವರ ಮನೆಯಿಂದ ಎಷ್ಟು ಜನ?