‘ಡೇಟಾ ತೆಗೆಯಿರಿ’ ಅಂದರೆ ಏನು ಮಾಡಬೇಕು?

ಗೆಳೆಯರೇ,

ನಮ್ಮ ಬಡಾವಣೆಯ ವಾಚನಾಲಯದಲ್ಲಿ ಹಳೇ ಕಂಪ್ಯೂಟರ್‌ಗಳಿವೆ. ಅವನ್ನು ನೋಡಿಕೊಳ್ಳುವ ಹುಡುಗರಿಗೆ ಅಂತ ಕನ್ನಡದಲ್ಲೊಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಹಾರ್ಡ್ ಡಿಸ್ಕ್ ಕೈಕೊಟ್ಟರೆ ಏನು ಮಾಡಬೇಕು ಅನ್ನುವ ಪುಟದಲ್ಲಿ ‘ತೆಗೆ’ ಅನ್ನುವ ಮಾತು ಕಾಟ ಕೊಡುತ್ತಿದೆ.

ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳಲ್ಲಿ ಕೇಳಿ ನೋಡಿ, ‘ಡೇಟಾ ತೆಗೆದುಕೊಡ್ತೀವಿ ಸಾರ್’ ಅಂತಾರೆ. ಕೆಟ್ಟ ಡಿಸ್ಕಿನಲ್ಲಿರೋ ಫೋಟೋ, ಲೆಕ್ಕಪತ್ರ ಎಲ್ಲ ಈಚೆಗೆ ತಂದುಕೊಡ್ತೀವಿ ಅಂತ ಅರ್ಥ. ಮನೆಯಲ್ಲಿ ‘ಆ ಫೈಲ್ ತೆಗಿ, ನೋಡೋಣ’ ಅಂದರೆ ತೆರೆಯಬೇಕು. ‘ಜಾಗ ಸಾಲ್ತಿಲ್ಲ, ಹಳೇದೆಲ್ಲ ತೆಗಿ’ ಅಂದರೆ ಅಳಿಸಬೇಕು. ಇನ್ನು ಸ್ಕ್ರೂ ಬಿಚ್ಚಿ ಡಿಸ್ಕನ್ನೇ ಹೊರಗೆ ಎಳೆದರೆ ಅದೂ ತೆಗೆಯೋದೇ!

ಮಾತಿನಲ್ಲಿ ಇದು ಯಾರಿಗೂ ತೊಡಕಾಗಲ್ಲ. ಬಾಲ ನೋಡಿದರೆ ಗೊತ್ತಾಗುತ್ತದೆ: ತೆಗೆದುಕೊಡು, ತೆಗೆದುಹಾಕು, ತೆಗೆದಿಡು. ಆದರೆ ಕೈಪಿಡಿಯಲ್ಲಿ ‘ಮೊದಲು ಫೈಲುಗಳನ್ನು ತೆಗೆಯಿರಿ, ಆಮೇಲೆ ಡಿಸ್ಕ್ ತೆಗೆಯಿರಿ’ ಅಂತ ಬರೆದರೆ ಬಾಲ ಕತ್ತರಿಸಿದಂತೆ. ಯಾರಾದರೂ ಹುಡುಗ ಅದನ್ನು ಅಳಿಸುವುದು ಅಂದುಕೊಂಡರೆ ಕತೆ ಮುಗೀತು. ಸಾಯುತ್ತಿರುವ ಡಿಸ್ಕಿನ ಮೇಲೆ ಹೊಸದಾಗಿ ಏನೂ ಬರೆಯಬಾರದು, ಡಿಸ್ಕಿನ ತಪ್ಪು ಹುಡುಕಿ ತಿದ್ದುವ ವಿಂಡೋಸಿನ ಚೆಕ್‌ಡಿಸ್ಕ್ ಕೂಡ ಓಡಿಸಬಾರದು. ಮೊದಲು ಇಡೀ ಡಿಸ್ಕಿನ ನಕಲನ್ನು ಬೇರೆ ಡಿಸ್ಕಿಗೆ ಇಳಿಸಿಕೊಳ್ಳಬೇಕು. ಲಿನಕ್ಸಿನ ಡಿಡಿರೆಸ್ಕ್ಯೂ ಅನ್ನುವ ತಂತ್ರಾಂಶ ಮಾಡುವುದು ಇದನ್ನೇ. ಸುಲಭವಾಗಿ ಓದಲು ಬರುವ ಭಾಗವನ್ನೆಲ್ಲ ಮೊದಲು ಎತ್ತಿಕೊಳ್ಳುತ್ತದೆ, ತಂಟೆ ಮಾಡುವ ಜಾಗಕ್ಕೆ ಆಮೇಲೆ ಕೈ ಹಾಕುತ್ತದೆ.

ಈ ಕೆಲಸಕ್ಕೆ ‘ಮರುಪಡೆ’ ಅನ್ನುವ ಪದ ಇದೆ, ಗೊತ್ತು. ತಪ್ಪೇನಿಲ್ಲ, ಆದರೆ ಬಾಯಲ್ಲಿ ಬರಲ್ಲ. ‘ಉಳಿಸು’ ಚೆನ್ನಾಗಿತ್ತು, ಅದನ್ನು ಆಗಲೇ ‘ಸೇವ್’ ಹಿಡಿದುಕೊಂಡಿದೆ. ‘ಎತ್ತು’ ಅಂದರೆ ಕದ್ದ ಹಾಗೆ ಕೇಳಿಸುತ್ತದೆ. ಸದ್ಯಕ್ಕೆ ‘ಈಚೆಗೆ ತೆಗೆ’ ಅಂತ ಬರೆದಿದ್ದೇನೆ. ಬೆಂಗಳೂರಿನವರಿಗೆ ಇದು ಸರಿ. ಉಳಿದ ಕಡೆಯವರು ‘ಈಚೆಗೆ’ ಅಂದರೆ ‘ಇತ್ತೀಚೆಗೆ’ ಅಂದುಕೊಳ್ತಾರೋ ಏನೋ ಅನ್ನುವ ಅನುಮಾನ ಇದೆ.

ಇದರ ಜೊತೆಗೆ ಇನ್ನೊಂದು. ‘ಹಾರ್ಡ್ ಡಿಸ್ಕ್ ಹೋಗಿದೆ’ ಅನ್ನುವುದನ್ನು ನಾವು ಸಿಕ್ಕಾಪಟ್ಟೆ ಸಡಿಲವಾಗಿ ಬಳಸ್ತೀವಿ. ಪರದೆಯ ಮೇಲೆ ‘ಡಿಸ್ಕ್ ಬೂಟ್ ಫೇಲ್ಯೂರ್’ ಅಂತ ಬಂದ ತಕ್ಷಣ ‘ಹೋಯ್ತು’ ಅಂತ ತೀರ್ಪು ಕೊಟ್ಟುಬಿಡ್ತೀವಿ. ಹಳೇ ಕಂಪ್ಯೂಟರಿನಲ್ಲಿ ಎಷ್ಟೋ ಸಲ ಡಿಸ್ಕ್ ನೆಟ್ಟಗೇ ಇರುತ್ತದೆ. ಮದರ್‌ಬೋರ್ಡಿನ ಮೇಲಿರುವ ಸಿಆರ್2032 ಬ್ಯಾಟರಿ ಮುಗಿದು, ಕಂಪ್ಯೂಟರನ್ನು ಶುರು ಮಾಡಿಸುವ ಬಯಾಸ್ ತನ್ನ ಸೆಟ್ಟಿಂಗ್ ಮರೆತಿರುತ್ತದೆ. ತಾರೀಖು ಹಳೇದು ತೋರಿಸುತ್ತಿದ್ದರೆ ಮೊದಲು ಅದನ್ನೇ ನೋಡಬೇಕು. 3 ವೋಲ್ಟಿನ ಆ ಬಿಲ್ಲೆ ಬದಲಾಯಿಸಿ ಸೆಟ್ಟಿಂಗ್ ಸರಿ ಮಾಡಿದರೆ ಸಾಕು. ಅಥವಾ ಡಿಸ್ಕಿಗೆ ಜೋಡಿಸುವ 40 ಪಿನ್ನಿನ ಪಟ್ಟಿ ಕೇಬಲ್ ಸಡಿಲವಾಗಿರುತ್ತದೆ. ಇಲ್ಲಾಂದ್ರೆ ಒಂದೇ ಕೇಬಲ್ಲಿನ ಎರಡು ಡಿಸ್ಕುಗಳಲ್ಲಿ ಯಾವುದು ಮೊದಲನೆಯದು ಅಂತ ಗುರುತಿಸುವ ಮಾಸ್ಟರ್–ಸ್ಲೇವ್ ಜಂಪರ್ ತಪ್ಪು ಜಾಗದಲ್ಲಿ ಕೂತಿರುತ್ತದೆ. ಇವಕ್ಕೆಲ್ಲ ‘ಡಿಸ್ಕ್ ಕಾಣ್ತಿಲ್ಲ’ ಅನ್ನಬೇಕು. ಬಯಾಸಿನಲ್ಲಿ ಹೆಸರು ಬರುತ್ತದೆ, ಫೈಲ್ ಮಾತ್ರ ಬರಲ್ಲ ಅಂದರೆ ‘ಓದ್ತಿಲ್ಲ’. ಒಳಗಿಂದ ಟಕ್ ಟಕ್ ಅಂತ ಒಂದೇ ಲಯದಲ್ಲಿ ಸದ್ದು ಬರುತ್ತಿದ್ದರೆ ಡಿಸ್ಕನ್ನು ಓದುವ ಹೆಡ್ಡಿಗೇ ಏಟು ಬಿದ್ದಿರುವ ಸಾಧ್ಯತೆ ಜಾಸ್ತಿ. ಆಗ ತಕ್ಷಣ ಕರೆಂಟ್ ತೆಗೀಬೇಕು (ನೋಡಿ, ಮತ್ತೆ ಬಂತು ‘ತೆಗಿ’!). ನನ್ನ ಮಟ್ಟಿಗೆ ‘ಹೋಗಿದೆ’ ಅನ್ನೋದನ್ನ ಈ ಕೊನೆಯ ಸ್ಥಿತಿಗೆ ಮಾತ್ರ ಇಟ್ಟುಕೊಳ್ಳೋದು ಒಳ್ಳೇದು.

ಡಿಸ್ಕಿನಲ್ಲಿ ಮಾಹಿತಿ ಬರೆದಿಡುವ ಒಂದೊಂದು ಸಣ್ಣ ತುಣುಕಿಗೆ ಸೆಕ್ಟರ್ ಅಂತಾರೆ. ನಾನು ಬರೆದ ‘ಕೆಟ್ಟ ಸೆಕ್ಟರ್’ ಬಗ್ಗೆ ಒಬ್ಬ ಗೆಳೆಯರು ತಕರಾರು ಎತ್ತಿದರು. ಇಂಗ್ಲಿಷಿನಿಂದ ಎತ್ತಿ ತಂದ ಹಾಗಿದೆ, ಸೆಕ್ಟರಿನ ಗುಣ ಕೆಟ್ಟದ್ದಾ ಅಂತ. ನಾನು ಒಪ್ಪಲಿಲ್ಲ. ಕೆಟ್ಟ ಹಾಲು, ಕೆಟ್ಟ ಗಡಿಯಾರ ಅಂತೀವಲ್ಲ, ಅದು ‘ಕೆಡು’ ಇಂದ ಬಂದ ‘ಕೆಟ್ಟ’. ಚೆನ್ನಾಗಿದ್ದದ್ದು ಆಮೇಲೆ ಕೆಟ್ಟಿತು ಅಂತ. ಸೆಕ್ಟರಿಗೂ ಆಗುವುದು ಅದೇ. ಹಳೇ ಡಿಸ್ಕಿನಲ್ಲಿ 512 ಬೈಟಿನ ಒಂದು ತುಣುಕು ಕೆಟ್ಟರೆ, ಡಿಸ್ಕ್ ತಾನೇ ಅದಕ್ಕೊಂದು ಬದಲಿ ಜಾಗ ಕೊಟ್ಟುಕೊಳ್ಳುತ್ತದೆ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿಯಲ್ಲಿ ಹೀಗೆ ಬದಲಾದ ಸೆಕ್ಟರುಗಳ ಸಂಖ್ಯೆ ದಿನೇ ದಿನೇ ಏರುತ್ತಿದ್ದರೆ ಹೊಸ ಡಿಸ್ಕ್ ತರೋದೇ ವಾಸಿ. ಹೀಗೆ ಬದಲಿ ಸಿಕ್ಕಿದ್ದಕ್ಕೆ ‘ಬದಲಿ ಸೆಕ್ಟರ್’, ಓದಲು ಬಾರದೆ ತೀರ್ಮಾನಕ್ಕೆ ಕಾಯುತ್ತಿರುವುದಕ್ಕೆ ‘ಬಾಕಿ ಸೆಕ್ಟರ್’ ಅಂತ ಹಾಕಿದ್ದೇನೆ. ಬ್ಯಾಂಕಿನ ವಾಸನೆ ಬರುತ್ತಾ?

ಧಾರವಾಡ, ಮಂಗಳೂರು, ಕಲಬುರಗಿ ಕಡೆಯವರು ದಯವಿಟ್ಟು ಹೇಳಿ: ನಿಮ್ಮೂರಿನ ರಿಪೇರಿ ಅಂಗಡಿಯವರು ಡೇಟಾ ‘ತೆಗೀತಾರಾ’, ಬೇರೆ ಏನಾದರೂ ಮಾಡ್ತಾರಾ? ಅವರು ಆಡುವ ಮಾತನ್ನೇ ಇದ್ದ ಹಾಗೆ ಬರೆದು ಕಳಿಸಿ.