ಎನ್‌ಎಚ್‌ಎಸ್: ದುಡ್ಡು ಕೇಳಲ್ಲ ಸರಿ, ಇಷ್ಟು ಕಾಯಿಸೋದ್ಯಾಕೆ?

ಕೆರೆಏರಿ:
ಇಂಗ್ಲೆಂಡಿಗೆ ಕೆಲಸದ ವೀಸಾದಲ್ಲಿ ಹೋಗೋರಿಂದ ಸಾಮಾನ್ಯವಾಗಿ ಎನ್‌ಎಚ್‌ಎಸ್‌ಗೆ, ಅಂದ್ರೆ ತೆರಿಗೆ ದುಡ್ಡಲ್ಲಿ ನಡೆಯೋ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಗೆ ಅಂತ, ತಲೆಗೆ ವರ್ಷಕ್ಕೆ 1,035 ಪೌಂಡ್ ಹೆಲ್ತ್ ಸರ್‌ಚಾರ್ಜ್ ಮೊದಲೇ ಕಟ್ಟಿಸಿಕೊಳ್ತಾರೆ. ಸಂಬಳದಲ್ಲಿ ತೆರಿಗೆ ಹಿಡಿಯೋದು ಬೇರೆ. ಇಷ್ಟಾದರೂ ಮಂಡಿ ಆಪರೇಷನ್‌ಗೆ ತಿಂಗಳುಗಟ್ಟಲೆ ಕಾಯಬೇಕಂತೆ. ಗೊತ್ತಿರೋರು ಹೇಳಿ, ಈ ವ್ಯವಸ್ಥೆ ಎಲ್ಲಿ ಗಟ್ಟಿ, ಎಲ್ಲಿ ಟೊಳ್ಳು? ಊರಿಂದ ಬಂದು ಹೋಗೋ ಅಪ್ಪ ಅಮ್ಮನಿಗೂ ಪುಕ್ಕಟೆನಾ?

ಜೋಳದರೊಟ್ಟಿ:
ಗಟ್ಟಿ ಇರೋದು ಕಾಯಿಲೆ ದೊಡ್ಡದಾದಾಗ. 1948ರ ಜುಲೈ 5ರಂದು ಶುರುವಾದಾಗಿನಿಂದ ಮೂಲ ಮಾತು ಒಂದೇ: ಚಿಕಿತ್ಸೆ ಸಿಗೋ ಜಾಗದಲ್ಲಿ ಬಿಲ್ ಇಲ್ಲ. ಹೃದಯಾಘಾತ ಆದವರನ್ನ ಒಳಗೆ ಕರೆದುಕೊಳ್ಳೋಕೆ ಮುಂಚೆ ಯಾರೂ ಅಡ್ವಾನ್ಸ್ ಕಟ್ಟಿ ಅನ್ನಲ್ಲ. ಡಾಕ್ಟರ ಚೀಟಿ ಮೇಲೆ ಹೊರಗೆ ತಗೊಳ್ಳೋ ಔಷಧಿಗೆ ಇಂಗ್ಲೆಂಡಲ್ಲಿ ಒಂದೊಂದು ಐಟಮ್‌ಗೆ 9.90 ಪೌಂಡ್, ಅದರ ಅಸಲು ಬೆಲೆ ಎರಡು ಪೌಂಡ್ ಇರಲಿ, ಎರಡು ಸಾವಿರ ಇರಲಿ. ವರ್ಷಕ್ಕೆ 12 ಐಟಮ್ ದಾಟೋದಾದ್ರೆ 114.50 ಪೌಂಡಿನ ಪ್ರಿಪೇಮೆಂಟ್ ಸರ್ಟಿಫಿಕೇಟ್ ತಗೊಳ್ಳಿ, ಉಳಿತಾಯ. ಬಸುರಿ-ಬಾಣಂತಿಯರಿಗೆ, 60 ತುಂಬಿದವರಿಗೆ ಈ ಔಷಧಿ ಶುಲ್ಕವೂ ಇಲ್ಲ. ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ಯಾರಿಗೂ ಇಲ್ಲ. ಹಲ್ಲಿನ ಕಥೆ ಮಾತ್ರ ಕೇಳಬೇಡಿ: ಅದಕ್ಕೆ ಬೇರೆ ಶುಲ್ಕ, ಮೇಲಾಗಿ ಹೊಸಬರನ್ನ ಸೇರಿಸಿಕೊಳ್ಳೋ ಎನ್‌ಎಚ್‌ಎಸ್ ದಂತವೈದ್ಯರು ಸಿಗೋದೇ ಕಷ್ಟ.

ಗಡಿಯಾರದಮುಳ್ಳು:
ತೆರಿಗೆಯಿಂದ ನಡೆಸಿದ್ರೆ ಕ್ಯೂ ಗ್ಯಾರಂಟಿ ಅಂತ ಕೆಲವರು ಹೇಳ್ತಾರೆ, ಅದು ಪೂರ್ತಿ ನಿಜ ಅಲ್ಲ. ಆಸ್ಪತ್ರೆ ಚಿಕಿತ್ಸೆಗೆ ರೆಫರ್ ಆದ 100ರಲ್ಲಿ 92 ಜನರ ಕಾಯುವಿಕೆ 18 ವಾರದೊಳಗೆ ಇರಬೇಕು ಅನ್ನೋದು ನಿಯಮ. 2016ರ ನಂತರ ಅದನ್ನ ಮುಟ್ಟಿಲ್ಲ. ಆದ್ರೆ ಅದಕ್ಕೆ ಮುಂಚೆ ಕೆಲವು ವರ್ಷ ಇದೇ ತೆರಿಗೆ ದುಡ್ಡಲ್ಲಿ ಮುಟ್ಟಿದ್ರು.

ತೊಂದರೆ ಇರೋದು ಆಸ್ಪತ್ರೆಯ ಹಿಂಬಾಗಿಲಲ್ಲಿ, ಅಂದ್ರೆ ಗುಣವಾದವರನ್ನ ಮನೆಗೆ ಕಳಿಸೋ ಕಡೆ. ಸೊಂಟ ಮುರಿದ 82ರ ಅಜ್ಜಿ ಅಂತ ಇಟ್ಟುಕೊಳ್ಳಿ. ಗುರುವಾರ ಡಾಕ್ಟರು ಮನೆಗೆ ಹೋಗಬಹುದು ಅಂತ ಬರೆದರು. ಆದ್ರೆ ದಿನಕ್ಕೆ ಎರಡು ಸಲ ಬಂದು ಎಬ್ಬಿಸಿ, ತೊಳೆದು, ಉಣ್ಣಿಸೋರು ಬೇಕು. ಆ ಆರೈಕೆ ಎನ್‌ಎಚ್‌ಎಸ್‌ದಲ್ಲ, ಸ್ಥಳೀಯ ಕೌನ್ಸಿಲ್‌ದು, ಅದೂ ಆಸ್ತಿ ನೋಡಿ ಕೊಡೋದು. ವ್ಯವಸ್ಥೆ ಆಗೋವರೆಗೂ ಅಜ್ಜಿ ಬೆಡ್ ಮೇಲೇ. ಅದು ಖಾಲಿ ಆಗದಿದ್ರೆ ಎಮರ್ಜೆನ್ಸಿಯಲ್ಲಿ ಟ್ರಾಲಿ ಮೇಲಿರೋರಿಗೆ ವಾರ್ಡ್ ಇಲ್ಲ, ಟ್ರಾಲಿ ಖಾಲಿ ಇಲ್ಲದ್ದಕ್ಕೆ ಆಂಬುಲೆನ್ಸ್ ಬಾಗಿಲಲ್ಲೇ ನಿಂತಿರುತ್ತೆ. ಕೊನೆಗೆ ಮುಂದಕ್ಕೆ ಹೋಗೋದು ನಿಮ್ಮ ಮಂಡಿ ಆಪರೇಷನ್ನು, ಯಾಕಂದ್ರೆ ಅದರಿಂದ ಯಾರೂ ಇವತ್ತೇ ಸಾಯಲ್ಲ.

ತೆರಿಗೆ ಪದ್ಧತಿಯ ನಿಜವಾದ ಟೊಳ್ಳು ಅಂದ್ರೆ ಖಜಾನೆಯ ಕೈ. 2010ರ ದಶಕದಲ್ಲಿ ಕಟ್ಟಡ, ಸ್ಕ್ಯಾನರ್‌ಗೆ ಅಂತ ಇಟ್ಟಿದ್ದ ಹಣವನ್ನ ದಿನದ ಖರ್ಚಿಗೆ ತಿರುಗಿಸಿದ್ರು. ಬಿತ್ತನೆ ಕಾಳನ್ನ ಹುರಿದು ತಿಂದಹಾಗೆ.

ಪಡಸಾಲೆ:
ಕೆಲಸಕ್ಕೆ ಬರೋ ನಾಲ್ಕು ಮಾತು. ಅಲ್ಲಿಗೆ ಹೋದ ಮೊದಲ ವಾರದಲ್ಲೇ ಹತ್ತಿರದ ಜಿಪಿ (ಫ್ಯಾಮಿಲಿ ಡಾಕ್ಟರ್) ಹತ್ರ ನೋಂದಾಯಿಸಿ. ವಿಳಾಸದ ದಾಖಲೆ ಇಲ್ಲ ಅಂತ ಅವರು ವಾಪಸ್ ಕಳಿಸೋಹಾಗಿಲ್ಲ. ಜಿಪಿ ರೆಫರ್ ಮಾಡುವಾಗಲೇ "ಬೇರೆ ಆಸ್ಪತ್ರೆ ಆರಿಸಿಕೊಳ್ಳಬಹುದಾ" ಅಂತ ಕೇಳಿ. ಇಂಗ್ಲೆಂಡಲ್ಲಿ ಅದು ಹಕ್ಕು. ಮೂವತ್ತು ಮೈಲಿ ಆಚೆ ಕ್ಯೂ ಅರ್ಧ ಇರಬಹುದು. ಮೊದಲ ಅಪಾಯಿಂಟ್‌ಮೆಂಟ್‌ಗೆ ಹೇಳದೆ ಕೇಳದೆ ತಪ್ಪಿಸಿಕೊಂಡ್ರೆ 18 ವಾರದ ಲೆಕ್ಕ ರದ್ದು, ವಾಪಸ್ ಜಿಪಿ ಹತ್ರ ಕಳಿಸಿಬಿಡಬಹುದು. ಊರಿಗೆ ರಜೆ ಹಾಕೋ ಮುಂಚೆ ಆ ಪತ್ರ ನೋಡಿಕೊಳ್ಳಿ.

ಅಪ್ಪ ಅಮ್ಮ ವಿಸಿಟರ್ ವೀಸಾದಲ್ಲಿ ಬಂದ್ರೆ ಸರ್‌ಚಾರ್ಜ್ ಕಟ್ಟಿರಲ್ಲ. ಜಿಪಿ ನೋಡೋದು, ಎಮರ್ಜೆನ್ಸಿ ವಿಭಾಗದ ಚಿಕಿತ್ಸೆ ಪುಕ್ಕಟೆ. ವಾರ್ಡಿಗೆ ದಾಖಲಾದ ಗಳಿಗೆಯಿಂದ ಮಾತ್ರ ಎನ್‌ಎಚ್‌ಎಸ್ ದರದ 150 ಪರ್ಸೆಂಟ್ ಬಿಲ್. ಜೀವಕ್ಕೆ ಅಪಾಯ ಇದ್ರೆ ಚಿಕಿತ್ಸೆ ನಿಲ್ಲಿಸಲ್ಲ, ಬಿಲ್ ಆಮೇಲೆ ಬರುತ್ತೆ. 500 ಪೌಂಡ್‌ಗೆ ಮೇಲ್ಪಟ್ಟ ಬಾಕಿ ಎರಡು ತಿಂಗಳು ಉಳಿದ್ರೆ ವೀಸಾ ನೋಡಿಕೊಳ್ಳೋ ಇಲಾಖೆ ಹೋಮ್ ಆಫೀಸ್‌ಗೆ ತಿಳಿಸ್ತಾರೆ, ಮುಂದಿನ ವೀಸಾಕ್ಕೆ ಕುತ್ತು. ಹಾಗಾಗಿ ಊರಲ್ಲೇ ಟ್ರಾವೆಲ್ ಇನ್ಶೂರೆನ್ಸ್ ಮಾಡಿಸಿ, ಅರ್ಜಿಯಲ್ಲಿ ಬಿಪಿ, ಶುಗರ್ ಮುಚ್ಚಿಡಬೇಡಿ. ಮುಚ್ಚಿಟ್ಟಿದ್ದು ಕ್ಲೇಮ್ ಸಮಯದಲ್ಲೇ ಹೊರಬರೋದು.